ಸುಂಕದವನ ಮುಂದೆ

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಬಂಡಿಯಲ್ಲಿ ಬಸುರಿಯಿರಲಿ, ಮದುವೆಯ ಲಗ್ನ ಮೀರುತ್ತಿರಲಿ, ಸುಂಕದವನಿಗೆ ಅದೊಂದೂ ಕಾಣದು. ಅವನ ಲೆಕ್ಕ ಮುಗಿಯುವ ತನಕ ಎತ್ತುಗಳು ನೊಗ ಹೊತ್ತು ನಿಂತೇ ಇರಬೇಕು. ಬೆಂಗಳೂರಿನಿಂದ ಮಾಗಡಿಗೆ ಹೋಗುವ ಹಾದಿಯಲ್ಲಿರುವ ಸುಂಕದಕಟ್ಟೆ ತನ್ನ ಹೆಸರಿನಲ್ಲಿಯೇ ಆ ಹಳೆಯ ಕಾಲದ ನೆನಪನ್ನು ಉಳಿಸಿಕೊಂಡಿದೆ. ಇಂದು ಅಲ್ಲಿ ಬಂಡಿಯನ್ನು ತಡೆದು ನಿಲ್ಲಿಸುವ ಸುಂಕದವನಿಲ್ಲ. ಕಾಮಾಕ್ಷಿಪಾಳ್ಯದ ಕಡೆಗೂ ಪೀಣ್ಯದ ಕಡೆಗೂ ಕೆಲಸಕ್ಕೆ ಧಾವಿಸುವ ಜನರೂ ಬಸ್ಸುಗಳೂ ಲಾರಿಗಳೂ ಬೆಳಗಿನಿಂದ ರಾತ್ರಿಯವರೆಗೆ ಆ ರಸ್ತೆಯನ್ನು ತುಂಬಿರುತ್ತವೆ.

ಆದರೂ ಆ ಬಡಾವಣೆಯ ಒಂದು ಅಡ್ಡರಸ್ತೆಯ ಮನೆಯಲ್ಲಿ ಒಬ್ಬ ಸುಂಕದವನು ಬಹುಕಾಲ ಉಳಿದುಕೊಂಡಿದ್ದ. ಅವನು ಕುಳಿತಿದ್ದುದು ನಡುಮನೆಯ ಮೇಜಿನ ಮೇಲಿದ್ದ ಕಂಪ್ಯೂಟರಿನ ಹೊಟ್ಟೆಯಲ್ಲಿ.

ಅದು 2013ರಲ್ಲಿ ಕೊಂಡ ಯಂತ್ರ. ಪರದೆ ಬೇರೆ, ಪೆಟ್ಟಿಗೆ ಬೇರೆ ಎಂಬ ಭೇದವಿಲ್ಲದೆ ಎಲ್ಲವನ್ನೂ ಪರದೆಯ ಬೆನ್ನಿಗೇ ಅಡಕಮಾಡಿದ 'ಆಲ್-ಇನ್-ಒನ್' ಜಾತಿಯದು. ಕೊಂಡ ಹೊಸದರಲ್ಲಿ ನೆರೆಹೊರೆಯವರು ಬಂದು ನೋಡಿ ಮೆಚ್ಚಿ ಹೋಗಿದ್ದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದರ ಸ್ಥಿತಿ ಬೇರೆಯಾಯಿತು. ಬೆಳಿಗ್ಗೆ ಗುಂಡಿಯೊತ್ತಿ ಹೋದ ಸೊಸೆ ಹಾಲು ಕಾಸಿ, ಕಾಫಿ ಬೆರೆಸಿ, ಮಾವನಿಗೆ ಲೋಟ ತಂದುಕೊಡುವ ವೇಳೆಗೂ ಪರದೆಯ ಮೇಲಿನ ಚುಕ್ಕೆಗಳು ಸುತ್ತುತ್ತಲೇ ಇರುತ್ತಿದ್ದವು. ಒಂದು ಕಾಗದವನ್ನು ಬೆರಳಚ್ಚು ಮಾಡಬೇಕಾದರೆ ಏಳು ನಿಮಿಷ ಕಾಯಬೇಕು. ಹನ್ನೊಂದನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಅದರ ಮುಂದೆ ಕೂರುವುದನ್ನೇ ಬಿಟ್ಟು, ಪಾಠವನ್ನೆಲ್ಲ ಅಂಗೈಯಗಲದ ಫೋನಿನಲ್ಲಿ ಕಣ್ಣು ಕಿರಿದುಮಾಡಿಕೊಂಡು ಓದುತ್ತಿದ್ದಳು.

"ಅಪ್ಪ, ಇದನ್ನು ಗುಜರಿಗೆ ಹಾಕಿ ಹೊಸದನ್ನು ತರೋಣ" ಎಂದ ಮಗ.

ಮನೆಯ ಹಿರಿಯರಾದ ರಾಯರು ಒಪ್ಪಲಿಲ್ಲ. ಅವರು ಒಪ್ಪದಿರುವುದಕ್ಕೆ ಎರಡು ಕಾರಣಗಳಿದ್ದವು. ಬಾಯಿಬಿಟ್ಟು ಹೇಳಿದ್ದು ಒಂದನ್ನು ಮಾತ್ರ.

ಹೇಳಿದ ಕಾರಣ ಅವರ ವೃತ್ತಿಗೆ ಸಂಬಂಧಿಸಿದ್ದು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆಯಲ್ಲಿ ಅವರು ತಮ್ಮ ಯೌವನವನ್ನೆಲ್ಲ ಕಳೆದಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಎಳ್ಳುಕಾಳಿಗಿಂತ ಚಿಕ್ಕ ತಿರುಪುಗಳನ್ನು ಹಿಡಿದು ಕೂರಿಸಿದ ಕೈ ಅದು. ಗಡಿಯಾರ ನಿಧಾನವಾಯಿತೆಂದು ಗಡಿಯಾರವನ್ನೇ ಎಸೆಯುವುದನ್ನು ಆ ಕಾರ್ಖಾನೆ ಅವರಿಗೆ ಕಲಿಸಿರಲಿಲ್ಲ. ಯಾವ ಅಂಗ ನಿಧಾನವಾಯಿತೆಂದು ಹುಡುಕುವುದನ್ನು ಕಲಿಸಿತ್ತು.

"ರೋಗ ಯಾವುದೆಂದು ತಿಳಿಯದೆ ರೋಗಿಯನ್ನು ಸ್ಮಶಾನಕ್ಕೆ ಒಯ್ಯುವುದು ಯಾವ ನ್ಯಾಯ?" ಎಂದರು ಅವರು.

ಅವರ ಮಾತಿನಲ್ಲಿ ಹುರುಳಿತ್ತು. ಕಂಪ್ಯೂಟರಿನ ಲೆಕ್ಕಮಾಡುವ ಅಂಗ ವಯಸ್ಸಾದ ಮಾತ್ರಕ್ಕೆ ಮಂದವಾಗುವುದಿಲ್ಲ. 2013ರಲ್ಲಿ ಸೆಕೆಂಡಿಗೆ ಕೋಟ್ಯಂತರ ಲೆಕ್ಕಗಳನ್ನು ಮಾಡುತ್ತಿದ್ದ ಯಂತ್ರ ಇಂದಿಗೂ ಅಷ್ಟನ್ನೇ ಮಾಡುತ್ತದೆ. ಅದು ಕಾಯುವುದು ಉಗ್ರಾಣದ ಬಾಗಿಲಿನಲ್ಲಿ. ಕಡತಗಳನ್ನು ಇಟ್ಟಿರುವ ಹಾರ್ಡ್ ಡಿಸ್ಕ್ ಎಂಬ ಉಗ್ರಾಣ ಒಂದು ತಿರುಗುವ ತಟ್ಟೆ. ಆ ಮನೆಯ ಯಂತ್ರದಲ್ಲಿದ್ದುದು ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುವಂಥದು. ಕೀಲಿ ಕೊಡುವ ಹಳೆಯ ಕೈಗಡಿಯಾರದ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ ಐದು ಬಾರಿ ಮಿಡಿಯುತ್ತದೆ. ಅದರೊಡನೆ ಹೋಲಿಸಿದರೆ ಈ ತಟ್ಟೆಯ ವೇಗ ಅದ್ಭುತವೇ ಸರಿ. ತಟ್ಟೆಯ ಅಂಚಿನ ಮೇಲಿನ ಒಂದು ಬಿಂದು ಗಂಟೆಗೆ 120 ಕಿಲೋಮೀಟರಿಗೂ ಮಿಕ್ಕಿ ಓಡುತ್ತಿರುತ್ತದೆ. ಅದರ ಮೇಲೆ, ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದಾದ ಅಂತರದಲ್ಲಿ, ಓದುವ ಮುಳ್ಳು ತೇಲುತ್ತಿರುತ್ತದೆ.

ಇಷ್ಟು ವೇಗವಿದ್ದರೂ ತಡವೇಕೆ? ಬೇಕಾದ ಕಡತ ತಟ್ಟೆಯ ಯಾವುದೋ ಮೂಲೆಯಲ್ಲಿರುತ್ತದೆ. ಮುಳ್ಳಿನ ತೋಳು ಅಲ್ಲಿಗೆ ಸರಿಯಬೇಕು, ಬಳಿಕ ತಟ್ಟೆಯ ಆ ಭಾಗ ತಿರುಗಿ ಮುಳ್ಳಿನ ಕೆಳಗೆ ಬರಬೇಕು. ಈ ಎರಡೂ ಸೇರಿ ಸೆಕೆಂಡಿನ ನೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಮನುಷ್ಯನಿಗೆ ಅದು ರೆಪ್ಪೆ ಬಡಿಯುವಷ್ಟು ಕಾಲವೂ ಅಲ್ಲ. ಆದರೆ ಯಂತ್ರ ಎಚ್ಚರಗೊಳ್ಳುವಾಗ ಓದಬೇಕಾದ ಚಿಕ್ಕ ಚಿಕ್ಕ ತುಣುಕುಗಳು ಸಾವಿರಾರು. ಒಂದೊಂದಕ್ಕೂ ತೋಳು ಸರಿಯಬೇಕು, ತಟ್ಟೆ ತಿರುಗಬೇಕು. ಸೆಕೆಂಡಿಗೆ ಎಂಬತ್ತು ಬಂಡಿಗಳನ್ನು ಮಾತ್ರ ಬಿಡುವ ಸುಂಕದವನ ಮುಂದೆ ಸಾವಿರಾರು ಬಂಡಿಗಳು ಬಂದು ನಿಂತರೆ ಆಗುವುದೇ ಇಲ್ಲಿಯೂ ಆಗುತ್ತದೆ. ರಸ್ತೆ ಅಗಲವಾಗಿದ್ದರೇನು, ಎತ್ತುಗಳು ಬಲವಾಗಿದ್ದರೇನು?

ಈ ತಿರುಗುವ ತಟ್ಟೆಯ ವಂಶ ಸಣ್ಣದಲ್ಲ. 1956ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆ ಹೊರತಂದ ಮೊದಲನೆಯ ಡಿಸ್ಕ್ ಉಗ್ರಾಣದಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದವು. ತೂಕ ಸುಮಾರು ಒಂದು ಟನ್ನು. ಅದು ಹಿಡಿಸುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳನ್ನು. ಇಂದು ಕೈಯಲ್ಲಿ ಹಿಡಿಯುವ ಡಿಸ್ಕಿನಲ್ಲಿ ಅದರ ಲಕ್ಷಪಾಲಿಗೂ ಹೆಚ್ಚು ಹಿಡಿಸುತ್ತದೆ. ಆದರೆ ತತ್ತ್ವ ಮಾತ್ರ ಅದೇ: ತಟ್ಟೆ ತಿರುಗಬೇಕು, ತೋಳು ಸರಿಯಬೇಕು.

ಇದಕ್ಕೆ ಪ್ರತಿಯಾಗಿ ಬಂದದ್ದು ಎಸ್.ಎಸ್.ಡಿ. ಇದರಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಜಪಾನಿನ ತೋಶಿಬಾ ಸಂಸ್ಥೆಯ ಫುಜಿಯೊ ಮಸುವೊಕ ಎಂಬ ವಿಜ್ಞಾನಿ 1987ರಲ್ಲಿ ತಮ್ಮ ಸಂಗಡಿಗರೊಡನೆ ಲೋಕದ ಮುಂದಿಟ್ಟ 'ನ್ಯಾಂಡ್ ಫ್ಲ್ಯಾಶ್' ಇದರ ಮೂಲ. ಲೆಕ್ಕವಿಲ್ಲದಷ್ಟು ಕಿರುಕೋಶಗಳಲ್ಲಿ ವಿದ್ಯುತ್ಕಣಗಳನ್ನು ಕೂಡಿಹಾಕಿ ಅಕ್ಷರಗಳನ್ನು ಕಾಪಾಡುವುದು ಅದರ ಉಪಾಯ. ವಿದ್ಯುತ್ತು ನಿಂತರೂ ಕೋಶದೊಳಗಿನ ಕಣ ಹಾಗೆಯೇ ಉಳಿಯುತ್ತದೆ. ಬೇಕಾದ ಕೋಶವನ್ನು ನೇರವಾಗಿ ಕೇಳಿ ತೆಗೆದುಕೊಳ್ಳಬಹುದಾದ್ದರಿಂದ, ಹಳೆಯ ಸುಂಕದವನು ಒಂದು ಬಂಡಿಯನ್ನು ಬಿಡುವಷ್ಟರಲ್ಲಿ ಇದು ನೂರನ್ನು ಬಿಟ್ಟಿರುತ್ತದೆ. ಹಳೆಯ ಯಂತ್ರದಲ್ಲಿ ಕಡತಗಳು ಹರಿಯುವ ದಾರಿಯೇ ಕಿರಿದಾಗಿದ್ದರೂ ಲಾಭಕ್ಕೆ ಅಷ್ಟೇನೂ ಕೊರತೆಯಿಲ್ಲ. ಏಕೆಂದರೆ ಉಳಿಯುವ ಕಾಲವೆಲ್ಲ ಹುಡುಕಾಟದ ಕಾಲ.

ಇದನ್ನೆಲ್ಲ ಮೊಮ್ಮಗಳು ಓದಿ ಹೇಳಿದಾಗ ರಾಯರು ತುಸುಹೊತ್ತು ಸುಮ್ಮನಿದ್ದರು. ಚಲಿಸುವ ಚಕ್ರಗಳೇ ಇಲ್ಲದ ವಸ್ತುವೊಂದು ಬಂದು ಚಕ್ರಗಳನ್ನು ಮೂಲೆಗೆ ತಳ್ಳುವುದನ್ನು ಅವರು ಹಿಂದೆಯೂ ಒಮ್ಮೆ ಕಂಡಿದ್ದರು. 1980ರ ದಶಕದಲ್ಲಿ ಕ್ವಾರ್ಟ್ಸ್ ಗಡಿಯಾರ ಬಂದಮೇಲೆ ಕೀಲಿಯ ಗಡಿಯಾರದ ಬಾಳು ಏನಾಯಿತೆಂಬುದು ಅವರಿಗೆ ಗೊತ್ತು. ಅವರು ದುಡಿದ ಕೈಗಡಿಯಾರದ ಉದ್ಯಮವನ್ನೇ ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ತೀರ್ಮಾನಿಸಿತು.

"ಆಗಲಿ ಮಗೂ" ಎಂದರು ಕೊನೆಗೆ. "ಚಕ್ರಕ್ಕೆ ಸುಸ್ತಾಗುತ್ತದೆ. ನನಗೆ ಅದು ಹೊಸ ವಿಷಯವಲ್ಲ."

ಹೇಳದೆ ಉಳಿಸಿಕೊಂಡ ಎರಡನೆಯ ಕಾರಣವನ್ನು ಮನೆಯಲ್ಲಿ ಎಲ್ಲರೂ ಬಲ್ಲರು. ತೀರಿಹೋದ ರಾಯರ ಮಡದಿ ತಮ್ಮ ಕಡೆಯ ವರ್ಷಗಳಲ್ಲಿ ಆ ಯಂತ್ರದ ಮುಂದೆ ಕುಳಿತು, ತಮ್ಮ ತಾಯಿಯಿಂದಲೂ ಅತ್ತೆಯಿಂದಲೂ ಕಲಿತ ಹೆಂಗಸರ ಹಾಡುಗಳನ್ನು ಒಂದೊಂದಾಗಿ ಬೆರಳಚ್ಚು ಮಾಡಿಟ್ಟಿದ್ದರು. ಹಸೆಗೆ ಕರೆಯುವ ಹಾಡು, ಉರುಟಣೆಯ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು, ಹೀಗೆ ನೂರನಲವತ್ತಕ್ಕೆ ಮೇಲ್ಪಟ್ಟು. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ 'ಬರಹ' ತಂತ್ರಾಂಶವನ್ನು ಐವತ್ತೈದು ದಾಟಿದ ಮೇಲೆ ಕಲಿತು, ಒಂದು ಬೆರಳಿನಿಂದ ಅಕ್ಷರ ಹುಡುಕಿ ಒತ್ತುತ್ತ ಆಕೆ ಮಾಡಿದ ಕೆಲಸವದು. ಅದರ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

"ಮಾವ, ಏನನ್ನೂ ಬಿಚ್ಚುವುದಕ್ಕೆ ಮುಂಚೆ ಅತ್ತೆಯವರ ಹಾಡುಗಳನ್ನು ಬೇರೆ ಕಡೆ ತೆಗೆದಿಟ್ಟುಬಿಡೋಣ" ಎಂದಳು ಸೊಸೆ.

"ಯಂತ್ರದ ವಿಷಯ ನನಗೆ ಬಿಡಮ್ಮ" ಎಂದರು ರಾಯರು.

ಮರುದಿನ ಅವರು ಮೊಮ್ಮಗಳನ್ನು ಕರೆದುಕೊಂಡು ಬಸ್ಸು ಹತ್ತಿ ಪೇಟೆಗೆ ಹೋದರು. ಎಸ್.ಪಿ. ರಸ್ತೆ ಎಂದೇ ಜನ ಕರೆಯುವ ಸಾದರ ಪತ್ರಪ್ಪ ರಸ್ತೆಯಲ್ಲಿ, ಕಂಪ್ಯೂಟರಿಗೆ ಸಂಬಂಧಿಸಿದ ವಸ್ತುಗಳಲ್ಲಿ ದೊರೆಯದಿರುವುದು ವಿರಳ. ಕಿರಿದಾದ ಅಂಗಡಿಗಳಲ್ಲಿ ತಂತಿಗಳ ಸುರುಳಿಗಳೂ ಹಸಿರು ಹಲಗೆಗಳೂ ಛಾವಣಿಯವರೆಗೆ ಒಟ್ಟಿರುತ್ತವೆ. ಅಂಥ ಒಂದು ಅಂಗಡಿಯ ತರುಣ, ಎಲೆಯಡಿಕೆಯ ತಟ್ಟೆಗಿಂತ ಚಿಕ್ಕದಾದ ಎರಡೂವರೆ ಅಂಗುಲದ ಎಸ್.ಎಸ್.ಡಿ.ಯೊಂದನ್ನು ತೆಗೆದು ಮುಂದಿಟ್ಟ. ಹಳೆಯ ಮೂರೂವರೆ ಅಂಗುಲದ ಜಾಗದಲ್ಲಿ ಅದನ್ನು ಕೂರಿಸುವ ಲೋಹದ ಚೌಕಟ್ಟು, ಹೊರಗಿನಿಂದ ಜೋಡಿಸುವ ಒಂದು ತಂತಿ, ಜೊತೆಗೆ ಹಳೆಯ ಯಂತ್ರಕ್ಕೆ ಒಗ್ಗುವ ನಾಲ್ಕು ಗಿಗಾಬೈಟಿನ ಇನ್ನೊಂದು ರ್‍ಯಾಮ್ ಹಲಗೆ. ಎಲ್ಲವೂ ಸೇರಿ ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲಾಯಿತು.

ಹಣ ಎಣಿಸಿಕೊಳ್ಳುತ್ತ ತರುಣ ಕೇಳಿದ: "ಸಾರ್, ಹಳೆಯ ಡಿಸ್ಕಿನಿಂದ ಕಾಪಿ ತೆಗೆದಿಟ್ಟುಕೊಂಡಿದ್ದೀರಿ ತಾನೆ?"

ರಾಯರು ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಚೀಲವನ್ನು ಹೆಗಲಿಗೇರಿಸಿ ಹೊರಟರು.

ಅಂದಿನ ಸಂಜೆಯೇ ಕೆಲಸ ಮೊದಲಾಯಿತು. ಹಳೆಯ ಡಿಸ್ಕಿನಲ್ಲಿರುವುದನ್ನು ಆದಿಯಿಂದ ಅಂತ್ಯದವರೆಗೆ ಹೊಸದಕ್ಕೆ ಪ್ರತಿಮಾಡಿಬಿಟ್ಟರೆ ಹಾಡುಗಳೂ ತಾವಾಗಿಯೇ ಬಂದುಬಿಡುತ್ತವೆ, ಎರಡು ಕೆಲಸ ಏಕೆ ಎಂಬುದು ರಾಯರ ಎಣಿಕೆ. ಡಿಸ್ಕು ಆರೋಗ್ಯವಾಗಿದ್ದರೆ ಆ ಎಣಿಕೆಯಲ್ಲಿ ತಪ್ಪೇನೂ ಇಲ್ಲ. ಪ್ರತಿಯಾದ ಪ್ರಮಾಣ ನೂರಕ್ಕೆ ಮೂವತ್ತಾಯಿತು, ನಲವತ್ತಾಯಿತು. ಅಷ್ಟರಲ್ಲಿ ಪೆಟ್ಟಿಗೆಯ ಒಳಗಿನಿಂದ ಒಂದು ಸದ್ದು ಕೇಳಿಬಂತು. ಟಕ್... ಟಕ್... ಟಕ್.

ಮೊಮ್ಮಗಳಿಗೆ ಅದರ ಅರ್ಥವಾಗಲಿಲ್ಲ. ರಾಯರಿಗೆ ಆಯಿತು. ಮೂವತ್ತು ವರ್ಷ ಚಕ್ರಗಳ ದನಿ ಕೇಳಿದ ಕಿವಿಗೆ ಆರೋಗ್ಯದ ಸದ್ದು ಯಾವುದು, ರೋಗದ ಸದ್ದು ಯಾವುದು ಎಂದು ಬೇರೆಯವರು ಹೇಳಬೇಕಾಗಿರಲಿಲ್ಲ. ಮುಳ್ಳು ತನ್ನ ನೆಲೆ ಸಿಕ್ಕದೆ ಮತ್ತೆ ಮತ್ತೆ ಹಿಂದಕ್ಕೆ ಬಂದು ಬಡಿಯುತ್ತಿತ್ತು. ಅವರು ಕೈ ಚಾಚಿ ಯಂತ್ರವನ್ನು ನಿಲ್ಲಿಸಿದರು. ಆ ಕೈ ನಡುಗುತ್ತಿದ್ದುದನ್ನು ಸೊಸೆ ಕಂಡಳು. ಕಂಡರೂ ತಾನು ಮೊದಲೇ ಹೇಳಿದ್ದೆನೆಂದು ಆಡಿ ತೋರಿಸಲಿಲ್ಲ. "ರಾತ್ರಿ ಅದು ತಣ್ಣಗಾಗಲಿ, ಮಾವ. ಬೆಳಿಗ್ಗೆ ಹಾಡುಗಳನ್ನು ಮಾತ್ರ ತೆಗೆಯೋಣ" ಎಂದಷ್ಟೇ ಹೇಳಿ ಎಲೆ ಹಾಕಿದಳು. ರಾಯರು ಆ ರಾತ್ರಿ ಊಟ ಮಾಡಿದ್ದು ಹೆಸರಿಗೆ ಮಾತ್ರ.

ಸಾಯುತ್ತಿರುವ ಡಿಸ್ಕಿನ ವಿಷಯದಲ್ಲಿ ಬಲ್ಲವರು ಹೇಳುವುದೂ ಅದನ್ನೇ. ಅದಕ್ಕೆ ಇನ್ನೆಷ್ಟು ಸುತ್ತುಗಳ ಆಯುಸ್ಸು ಉಳಿದಿದೆಯೋ ಯಾರಿಗೂ ತಿಳಿಯದು. ಎಲ್ಲವನ್ನೂ ಉಳಿಸಿಕೊಳ್ಳುವ ಆಸೆಯಿಂದ ಅದನ್ನು ಆದ್ಯಂತ ಓಡಿಸಿದರೆ ಬೇಕಾದುದನ್ನೂ ಕಳೆದುಕೊಳ್ಳಬಹುದು. ಹೊತ್ತಿಕೊಂಡ ಮನೆಯಿಂದ ಮೊದಲು ಮಗುವನ್ನು ಎತ್ತಿಕೊಳ್ಳಬೇಕು, ಪಾತ್ರೆಗಳ ಯೋಚನೆ ಆಮೇಲೆ.

ಬೆಳಿಗ್ಗೆ ಸ್ನಾನ ಮುಗಿಸಿ ಮೂವರೂ ಯಂತ್ರದ ಮುಂದೆ ಕುಳಿತರು. ಮೊದಲು ಹಾಡುಗಳ ಕಡತಗಳು, ಆಮೇಲೆ ಮನೆಯ ಕಾಗದಪತ್ರಗಳು, ಕಡೆಗೆ ಚಿತ್ರಗಳು. ಒಂದೊಂದನ್ನೂ ಬೇರೊಂದು ಡಿಸ್ಕಿಗೆ ಪ್ರತಿಮಾಡುತ್ತ ಹೋದರು. ನಡುನಡುವೆ ಆ ಸದ್ದು ಬಂದಾಗ ನಿಲ್ಲಿಸುವರು, ಕಾಯುವರು, ಮತ್ತೆ ಮೊದಲುಮಾಡುವರು. ಮಧ್ಯಾಹ್ನದ ವೇಳೆಗೆ ಮೂರನ್ನು ಬಿಟ್ಟು ಹಾಡುಗಳೆಲ್ಲ ಬಂದವು. ಆ ಮೂರು ಬರಲಿಲ್ಲ. ಹೆಸರು ಮಾತ್ರ ಪರದೆಯ ಮೇಲೆ ಕಾಣುತ್ತಿತ್ತು. ತೆರೆದರೆ ಓದಲಾಗದೆಂಬ ಉತ್ತರ.

ಯಂತ್ರವನ್ನು ಬಿಚ್ಚುವ ಕೆಲಸ ಇದಕ್ಕಿಂತ ಸುಲಭವಾಗಿತ್ತು. ಹಾಸಿಗೆಯ ಮೇಲೆ ಮೆತ್ತನೆಯ ಹೊದಿಕೆ ಹರಡಿ, ಪರದೆಯನ್ನು ಕವುಚಿ ಮಲಗಿಸಿ, ಬೆನ್ನಿನ ಮುಚ್ಚಳದ ಅಂಚಿಗೆ ಪ್ಲಾಸ್ಟಿಕ್ಕಿನ ತೆಳುಪಟ್ಟಿ ತೂರಿಸಿ ಒಂದೊಂದೇ ಕೊಂಡಿಯನ್ನು ಬಿಡಿಸಿದರು ರಾಯರು. ಈ ಜಾತಿಯ ಎಲ್ಲ ಯಂತ್ರಗಳೂ ಇಷ್ಟು ಸೌಮ್ಯವಲ್ಲ. ಆ್ಯಪಲ್ ಸಂಸ್ಥೆಯ ಐಮ್ಯಾಕಿನಲ್ಲಿ ಮುಂದಿನ ಗಾಜನ್ನೇ ತೆಗೆಯಬೇಕು. 2011ರವರೆಗಿನವುಗಳಲ್ಲಿ ಆ ಗಾಜು ಅಯಸ್ಕಾಂತದಿಂದ ನಿಂತಿರುತ್ತಿದ್ದರೆ, 2012ರ ಕೊನೆಯಲ್ಲಿ ಬಂದ ತೆಳುಮಾದರಿಯಿಂದೀಚೆಗೆ ಅದನ್ನು ಅಂಟಿನಿಂದಲೇ ಕೂಡಿಸಲಾಗಿದೆ. ಬಿಚ್ಚುವವನು ಆ ಅಂಟನ್ನು ಸುತ್ತಲೂ ಕೊಯ್ದು, ಮುಚ್ಚುವಾಗ ಹೊಸ ಅಂಟುಪಟ್ಟಿ ಹಾಕಬೇಕು. ಅಂಥ ಯಂತ್ರವುಳ್ಳವರು ಕುಶಲಿಗಳ ಕೈಗೆ ಒಪ್ಪಿಸುವುದೇ ಲೇಸು. ಯಾವುದೇ ಆಗಲಿ, ವಿದ್ಯುತ್ತಿನ ತಂತಿಯನ್ನು ಕಿತ್ತಿಟ್ಟು, ಲೋಹದ ವಸ್ತುವೊಂದನ್ನು ಮುಟ್ಟಿ ಮೈಯಲ್ಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಂಡ ಮೇಲೆಯೇ ಒಳಗೆ ಕೈಯಿಡಬೇಕು.

ಮುಚ್ಚಳ ತೆಗೆದಾಗ ಹನ್ನೆರಡು ವರ್ಷಗಳ ಧೂಳು ಬೀಸಣಿಗೆಯ ಬಾಯಲ್ಲಿ ಹತ್ತಿಯಂತೆ ಕಟ್ಟಿತ್ತು. ಮೃದುವಾದ ಕುಂಚದಿಂದ ಅದನ್ನು ಬಿಡಿಸಿ, ನಾಲ್ಕು ತಿರುಪು ಕಳಚಿ, ಹಳೆಯ ಡಿಸ್ಕನ್ನು ಎತ್ತಿದರು. ಅಂಗೈಗೆ ಭಾರವಾಗಿತ್ತು. ಹೊಸದು ಒಂದು ಹಪ್ಪಳದಷ್ಟೂ ತೂಗುತ್ತಿರಲಿಲ್ಲವೆಂದು ತೋರಿತು. ಚೌಕಟ್ಟಿಗೆ ಅದನ್ನು ಬಿಗಿದು, ಎರಡು ತಂತಿ ಸಿಕ್ಕಿಸಿ, ಮುಚ್ಚಳ ಮುಚ್ಚುವುದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ತಿರುಪುಗಳನ್ನು ಕಳಚಿದ ಕ್ರಮದಲ್ಲಿಯೇ ಒಂದು ಬಿಳಿಯ ಕಾಗದದ ಮೇಲೆ ಜೋಡಿಸಿಟ್ಟಿದ್ದುದರಿಂದ ಕೊನೆಯಲ್ಲಿ ಒಂದೂ ಉಳಿಯಲಿಲ್ಲ, ಒಂದೂ ಕಡಿಮೆಯಾಗಲಿಲ್ಲ.

ಇನ್ನುಳಿದದ್ದು ಯಂತ್ರವನ್ನು ನಡೆಸುವ ವ್ಯವಸ್ಥೆ. ಅದರಲ್ಲಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. 2021ರಲ್ಲಿ ಬಂದ ವಿಂಡೋಸ್ 11 ಇಷ್ಟು ಹಳೆಯ ಯಂತ್ರವನ್ನು ತನ್ನ ಪಂಕ್ತಿಗೆ ಸೇರಿಸುವುದಿಲ್ಲ. ಆದಕಾರಣ ಮೊಮ್ಮಗಳ ಸಲಹೆಯಂತೆ, ಉಚಿತವಾಗಿ ದೊರೆಯುವ ಲಿನಕ್ಸನ್ನು ಹೊಸದಾಗಿ ಸ್ಥಾಪಿಸಿದರು. ಗುಂಡಿಯೊತ್ತಿದ ಮೇಲೆ ಅರ್ಧ ನಿಮಿಷದೊಳಗೆ ಯಂತ್ರ ಸಿದ್ಧವಾಗಿ ನಿಂತಿತು. ಕಾಫಿಯ ನೀರು ಕುದಿಯಲು ಇಟ್ಟಿದ್ದ ಸೊಸೆ ಸದ್ದು ಕೇಳಿ ಹೊರಗೆ ಬಂದು, "ಇಷ್ಟು ಬೇಗನೆ?" ಎಂದು ಬೆರಗಾದಳು. ಇದರಿಂದ ಯಂತ್ರದ ಬುದ್ಧಿ ಹೆಚ್ಚಿತೆಂದೇನೂ ಅಲ್ಲ. ದೊಡ್ಡ ಲೆಕ್ಕಗಳಿಗೆ ಹಿಡಿಯುವ ಹೊತ್ತು ಹಿಂದಿನಷ್ಟೇ. ಬಾಗಿಲಿನಲ್ಲಿ ಕಾಯುವುದು ತಪ್ಪಿತು, ಅಷ್ಟೆ.

ಹಾಡುಗಳನ್ನು ತೆರೆದಾಗ ಮಾತ್ರ ಎಲ್ಲರಿಗೂ ಎದೆ ಧಸಕ್ಕೆಂದಿತು. ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು! ಕಾರಣ ಬೇಗನೆ ತಿಳಿಯಿತು. ಆಕೆ ಬೆರಳಚ್ಚು ಮಾಡಿದ್ದು ಹಳೆಯ ಬಗೆಯ ಅಕ್ಷರಶೈಲಿಯಲ್ಲಿ. ಅಲ್ಲಿ ಕಂಪ್ಯೂಟರಿನ ಮಟ್ಟಿಗೆ ಉಳಿದಿರುವುದು ರೋಮನ್ ಲಿಪಿಯ ಸಂಕೇತಗಳು, ಕನ್ನಡದ ರೂಪ ಮಾತ್ರ ಮೇಲಿನ ಉಡುಗೆ. ಆ ಉಡುಗೆಯಿಲ್ಲದ ಯಂತ್ರದಲ್ಲಿ ಬರಹ ಬರಿಯ ಗೊಂದಲವಾಗಿ ಕಾಣುತ್ತದೆ. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಆದ ಸಂಕೇತವನ್ನು ಕೊಟ್ಟಿರುವ ಯೂನಿಕೋಡಿಗೆ ಅವುಗಳನ್ನು ಪರಿವರ್ತಿಸಬೇಕು. ಮೊಮ್ಮಗಳು ಎರಡು ಸಂಜೆ ಕುಳಿತು ಆ ಕೆಲಸ ಮಾಡಿದಳು. ಪರಿವರ್ತನೆಯಲ್ಲಿ ಅಲ್ಲಲ್ಲಿ ಒತ್ತಕ್ಷರಗಳು ಕೆಟ್ಟಿದ್ದುದರಿಂದ ಪ್ರತಿಯೊಂದು ಸಾಲನ್ನೂ ಓದಿ ನೋಡಲೇಬೇಕಾಯಿತು. ಅಜ್ಜಿಯ ಹಾಡುಗಳನ್ನು ಆ ಹುಡುಗಿ ಮೊದಲನೆಯ ಬಾರಿಗೆ ಪೂರ್ತಿಯಾಗಿ ಓದಿದ್ದು ಹಾಗೆ.

ಕಳೆದುಹೋದ ಮೂರರಲ್ಲಿ ಒಂದು ತೊಟ್ಟಿಲ ಹಾಡು. ಅದರ ಹೆಸರು ಕೇಳಿದೊಡನೆ ಸೊಸೆ, "ಅದು ನನಗೆ ಬರುತ್ತದೆ. ಇವಳು ಹುಟ್ಟಿದಾಗ ಅತ್ತೆ ದಿನವೂ ಹಾಡುತ್ತಿದ್ದರಲ್ಲ!" ಎಂದು, ಒಗ್ಗರಣೆಯ ಸೌಟು ಹಿಡಿದೇ ಮೆಲುದನಿಯಲ್ಲಿ ಹಾಡಿದಳು. ಮಗಳು ಬರೆದುಕೊಂಡಳು. ಇನ್ನೊಂದನ್ನು ಮಾಗಡಿಯಲ್ಲಿರುವ ರಾಯರ ನಾದಿನಿ ಫೋನಿನಲ್ಲಿ ಹೇಳಿ ಬರೆಸಿದರು. ಮೂರನೆಯದು ಯಾರಿಗೂ ನೆನಪಿರಲಿಲ್ಲ. ಅದು ಹೋಯಿತು.

"ನನ್ನ ಅವಸರಕ್ಕೆ ತೆತ್ತ ಸುಂಕ ಅದು" ಎಂದರು ರಾಯರು. ಯಾರೂ ಅದಕ್ಕೆ ಮಾರುತ್ತರ ಹೇಳಲಿಲ್ಲ.

ಈಗ ಆ ಮನೆಯಲ್ಲಿ ಹಾಡುಗಳು ಮೂರು ಕಡೆ ಇವೆ. ಒಂದು ಪ್ರತಿ ಯಂತ್ರದ ಹೊಸ ಉಗ್ರಾಣದಲ್ಲಿ. ಇನ್ನೊಂದು, ಬೀರುವಿನಲ್ಲಿಟ್ಟ ಬೇರೊಂದು ಡಿಸ್ಕಿನಲ್ಲಿ. ಏಕೆಂದರೆ ಎಸ್.ಎಸ್.ಡಿ.ಯೂ ಅಮರವಲ್ಲ, ಅದರ ಕೋಶಗಳೂ ಬರೆದು ಬರೆದು ಸವೆಯುತ್ತವೆ, ಮತ್ತು ಕೆಡುವ ದಿನ ಟಕ್ಕೆಂಬ ಮುನ್ಸೂಚನೆಯನ್ನೂ ಅದು ಕೊಡುವುದಿಲ್ಲ. ಮೂರನೆಯದು, ಮುದ್ರಿಸಿ ಹೊಲಿಸಿದ ಕಾಗದದ ಪುಸ್ತಕ. ದೇವರ ಮನೆಯ ಗೂಡಿನಲ್ಲಿ ಪಂಚಾಂಗದ ಪಕ್ಕದಲ್ಲಿ ಅದರ ವಾಸ. ಅದರ ಕೊನೆಯ ಪುಟದಲ್ಲಿ ಮೂರನೆಯ ಹಾಡಿನ ಹೆಸರನ್ನು ಬರೆದು, ಕೆಳಗೆ ಜಾಗವನ್ನು ಹಾಗೆಯೇ ಬಿಟ್ಟಿದ್ದಾರೆ. ಯಾವುದಾದರೂ ಮದುವೆಯ ಮನೆಯಲ್ಲಿ ಯಾವ ಮುತ್ತೈದೆಯ ಬಾಯಿಂದಲಾದರೂ ಅದು ಕೇಳಿಬಂದೀತೆಂಬ ಆಸೆ ಸೊಸೆಗೆ.

ಹಳೆಯ ಡಿಸ್ಕನ್ನು ಗುಜರಿಯವನಿಗೆ ಕೊಡಲಿಲ್ಲ. ಮನೆಯ ಗುಟ್ಟುಗಳನ್ನು ಹೊತ್ತ ವಸ್ತುವನ್ನು ಹಾಗೆ ಬೀದಿಗೆ ಬಿಡುವುದು ವಿವೇಕವಲ್ಲ. ಒಳಗಿನದನ್ನು ಅಳಿಸಿಯೋ ತಟ್ಟೆಯನ್ನು ಕೆಡಿಸಿಯೋ ಅಧಿಕೃತ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ಒಪ್ಪಿಸುವುದು ಸರಿಯಾದ ಕ್ರಮ. ರಾಯರು ಅದನ್ನೂ ಮಾಡಲಿಲ್ಲ. ಕಾರ್ಖಾನೆಯ ದಿನಗಳಿಂದ ಉಳಿದುಬಂದ ತಗಡಿನ ಡಬ್ಬಿಯಲ್ಲಿ, ಚಿಮುಟ ಮತ್ತು ಭೂತಗನ್ನಡಿಯ ಜೊತೆಯಲ್ಲಿ, ಅದನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ.

"ತಾತ, ಅದು ಇನ್ನೇಕೆ?" ಎಂದು ಮೊಮ್ಮಗಳು ಕೇಳಿದರೆ, "ಇರಲಿ ಬಿಡು ಮಗೂ, ಅದರಲ್ಲಿ ಒಂದು ಹಾಡಿದೆ" ಎನ್ನುತ್ತಾರೆ.